ನಾಲ್ಕನೇ ಪುಟದ ಸಾಲು

ಗುಣವತಿ ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಕಪಾಟಿನ ಎತ್ತರದ ಹಲಗೆಗೆ ಹೊಸ ಕಾಗದ ಹಾಸುತ್ತಿದ್ದಳು. ಬೇಳೆ, ಕೊತ್ತಂಬರಿ, ಕುಚ್ಚಲಕ್ಕಿ ಡಬ್ಬಿಗಳೆಲ್ಲ ನೆಲಕ್ಕಿಳಿದು ಸಾಲಾಗಿ ಕೂತಿದ್ದವು. ಅಡಿಯ ಹಳೆಯ ಹಾಳೆಗೆ ಎರಡು ವರ್ಷದ ಎಣ್ಣೆ ಹಿಡಿದಿತ್ತು. ಅದನ್ನು ಮೆಲ್ಲಗೆ ಎಬ್ಬಿಸಿ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಹೊಸ ಹಾಳೆಯನ್ನು ಒಳಗೆ ತಳ್ಳಬೇಕು, ಅಷ್ಟರಲ್ಲಿ ಅವಳ ಎರಡೂ ಕೈ ನಿಂತವು.

ಎರಡೂ ಹಾಳೆಗಳ ಮೇಲೆ ಒಂದೇ ಚಿತ್ರ. ಗೂಡು ಕಟ್ಟಲು ಮರ ಹುಡುಕಿಕೊಂಡು ಹಾರುವ ಒಂದು ಹಕ್ಕಿ. ಅವಳು ಕೆಲಸ ಮಾಡುವ ಪ್ರಕಾಶನದವರು ತಂದ ಮಕ್ಕಳ ಪುಸ್ತಕ ಅದು. ಪುಸ್ತಕ ಅಚ್ಚಾಗುವಾಗ ಮುದ್ರಕರು ಬಣ್ಣ ನೋಡಲಿಕ್ಕೆಂದು ಒಂದಿಷ್ಟು ಹಾಳೆ ಕಳಿಸುತ್ತಾರೆ. ನೋಡಿಯಾದ ಮೇಲೆ ಅವು ಕಸ. ಅಕ್ಷರ ಇರುವ ಕಾಗದವನ್ನು ಕಸದ ಬುಟ್ಟಿಗೆ ಹಾಕಲು ಗುಣವತಿಗೆ ಕೈ ಬಾರದು. ಮೊದಲ ಮುದ್ರಣದ ಹಾಳೆಗಳೂ ಎರಡನೆಯದರ ಹಾಳೆಗಳೂ ಹೀಗೆ ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಈ ಮನೆಯ ಕಪಾಟು ಸೇರಿದ್ದವು.

"ಎಂತ ಆಯ್ತ್ ಮಾರಾಯ್ತಿ? ಹಲ್ಲಿ ಕಂಡ್ಯಾ?" ಸ್ಟೂಲು ಹಿಡಿದು ನಿಂತಿದ್ದ ಗಂಡ ದೇವದಾಸ ಕೇಳಿದ.

"ಫೆಲ್ಥಮ್ಮಗೆ ಹಲ್ಲಿ ಎಲ್ಲಿತ್ತ್? ಹೋಯ್, ಈ ಎರಡ್ ಹಾಳಿ ಮುಟ್ಟಿ ಕಾಣಿ."

ದೇವದಾಸ ವಿಮಾನ ನಿಲ್ದಾಣದ ಅಡುಗೆ ವಿಭಾಗದಲ್ಲಿ ಊಟದ ತಟ್ಟೆ ಜೋಡಿಸುವವನು, ಕಾಗದದ ವ್ಯವಹಾರ ಅವನಿಗೆ ದೂರ. ಆದರೂ ಮುಟ್ಟಿ ನೋಡಿದ. "ಒಂದ್ ಬಟ್ಟಿ ಹಾಂಗಿತ್ತ್. ಇನ್ನೊಂದ್ ಪ್ಲಾಸ್ಟಿಕ್ ಹಾಂಗಿತ್ತ್. ಅದ್ಕೆಂತ?"

ಗುಣವತಿ ಎರಡನ್ನೂ ಬೆರಳಿನಿಂದ ಉಜ್ಜಿದಳು. ಮೊದಲನೆಯದು ಕೆನೆಬಣ್ಣದ್ದು, ಮೆತ್ತಗೆ. ಎರಡನೆಯದು ಬೆಳ್ಳಗೆ, ಜಾರುವಂಥದ್ದು. ಇದು ಬೇರೆ ಕಾಗದವೇ ಸೈ. ಹಾಗಿದ್ದರೆ ಎರಡನೇ ಮುದ್ರಣದ ನಾಲ್ಕನೇ ಪುಟದಲ್ಲಿರುವ ಆ ಸಾಲು? ಸಣ್ಣ ಅಕ್ಷರದ ಒಂದು ಸಾಲು: ಈ ಪುಸ್ತಕದ ಕಾಗದ, ಕಡಿದಷ್ಟೇ ಮರ ಮತ್ತೆ ಬೆಳೆಸುವ ಕಾಡಿನಿಂದ ಬಂದದ್ದು. ಅದನ್ನು ಅಲ್ಲಿ ಉಳಿಸಿದವರು ಯಾರು?

ಅವಳೇ.

ಮರುಮುದ್ರಣದ ಪುಟ ನೋಡುವುದಕ್ಕೆ ಗುಣವತಿಯದ್ದೇ ಒಂದು ಕ್ರಮವಿತ್ತು. ಹಳೆಯ ಪುಟದ ಮೇಲೆ ಹೊಸ ಪುಟವಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುವುದು. ಬೆಳಕಿನಲ್ಲಿ ಎರಡೂ ಒಂದರೊಳಗೊಂದು ಕೂತು ಒಂದೇ ಪುಟದಂತೆ ಕಂಡರೆ, ಸರಿ. ಒಂದು ಚುಕ್ಕಿ ಅತ್ತಿತ್ತ ಸರಿದರೂ ಅವಳ ಕಣ್ಣು ಹಿಡಿಯುತ್ತಿತ್ತು. ಹತ್ತು ವರ್ಷ ಗೋದಾಮಿನಲ್ಲಿ ಪುಸ್ತಕ ಕಟ್ಟುತ್ತಿದ್ದವಳನ್ನು ಮೇಲಿನ ಮಹಡಿಯ ಮೇಜಿಗೆ ತಂದದ್ದು ಆ ಕಣ್ಣೇ. ಈ ಪುಸ್ತಕದ ನಾಲ್ಕನೇ ಪುಟವೂ ಕಿಟಕಿಯಲ್ಲಿ ಚುಕ್ಕಿ ಸರಿಯದೆ ಕೂತಿತ್ತು. ಅವಳು ಸಂತೋಷದಿಂದ ಸಹಿ ಹಾಕಿದ್ದಳು.

ಅಕ್ಷರ ಬದಲಾಗಿಲ್ಲವೆಂದು ನೋಡಿದಳೇ ಹೊರತು, ಕಾಗದ ಬದಲಾಗಿದೆಯೇ ಎಂದು ನೋಡಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಫೆಬ್ರುವರಿ ಅದು. ಸೋಮವಾರ ಕಚೇರಿಯಲ್ಲಿ ಕೋಟನ್ನೂ ಬಿಚ್ಚದೆ ಕಡತ ತೆಗೆದಳು. ಸಿಕ್ಕಿತು, ಅರ್ಧ ಹಾಳೆಯ ಒಂದು ಚೀಟಿ. 'ಮೊದಲಿನ ಕಾಗದ ಸಿಗಲು ಆರು ವಾರ. ಮುದ್ರಕರ ಬಳಿ ಇರುವುದನ್ನೇ ಬಳಸಲು ಒಪ್ಪಿದ್ದೇವೆ.' ಬರೆದವಳು ಮುದ್ರಣ ವಿಭಾಗ ನೋಡಿಕೊಳ್ಳುವ ಮಾಳವಿಕಾ. ಚೀಟಿಗೆ ತೂತು ಹೊಡೆದು ಕಡತಕ್ಕೆ ಸೇರಿಸಿದವಳು ಗುಣವತಿ.

ಮುದ್ರಕರಿಗೆ ಈಮೇಲ್ ಮಾಡಿ, ಆ ಕಾಗದ ಯಾವ ಕಾಡಿನ ಮರದ್ದು ಎಂದು ಕೇಳಿದಳು. ಎರಡು ದಿನ ಬಿಟ್ಟು ಉತ್ತರ ಬಂತು. ಪೇಟೆಯಲ್ಲಿ ಕೊಂಡ ಕಾಗದ, ನಾಲ್ಕಾರು ದೇಶದ ಮರ ಬೆರೆತದ್ದು, ಯಾವ ಕಾಡಿನದೆಂದು ಹೇಳಲು ಬರುವುದಿಲ್ಲ, ಪ್ರಮಾಣಪತ್ರ ಇಲ್ಲ. ಕೊನೆಗೊಂದು ಮಾತು ಸೇರಿಸಿದ್ದರು: ಇದನ್ನು ನೀವು ಆಗ ಕೇಳಿರಲಿಲ್ಲ.

ಅವಳ ಟ್ರೇಯಲ್ಲಿ ಜನವರಿಯಿಂದ ಇನ್ನೊಂದು ಪತ್ರ ಕೂತಿತ್ತು. ಲಂಡನ್ನಿನದೇ ಇನ್ನೊಂದು ಬಡಾವಣೆ ಪಿನ್ನರ್‌ನ ಡಾಕ್ಟರ್ ರಜನಿಯದ್ದು. ಮೈಸೂರಿನವರು, ಕನ್ನಡ ಸಂಘದಲ್ಲಿ ಪರಿಚಯ. ಪಿನ್ನರ್‌ನ ಶಾಲೆಯೊಂದರ ಆಡಳಿತ ಮಂಡಳಿಯಲ್ಲಿದ್ದರು, ಅಲ್ಲಿನ ಸ್ಥಳೀಯ ಕೌನ್ಸಿಲ್ಲಿನ ಪುಸ್ತಕ ಆಯ್ಕೆ ಸಮಿತಿಯಲ್ಲೂ ಇದ್ದರು. ಶಾಲೆಗೆ ಹಕ್ಕಿಯ ಪುಸ್ತಕದ ಅರವತ್ತು ಪ್ರತಿ ತರಿಸಿದ್ದೇವೆ, ನಾಲ್ಕನೇ ಪುಟದ ಸಾಲು ಓದಿ ಮಕ್ಕಳು ಅದು ಯಾವ ಕಾಡು ಎಂದು ಕೇಳುತ್ತಿದ್ದಾರೆ, ದಯವಿಟ್ಟು ತಿಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕೈಬರಹದಲ್ಲಿ ಕನ್ನಡದ ಒಂದು ಸಾಲು: 'ಗುಣವತಿಯವರೇ, ಸಾವಕಾಶವಾಗಿ ಬರೆಯಿರಿ, ಆದರೆ ಮರೆಯಬೇಡಿ.'

ಗುಣವತಿ ಮುದ್ರಕರ ಉತ್ತರ ಹಿಡಿದು ಮಾಳವಿಕಾಳ ಕೋಣೆಗೆ ಹೋದಳು.

ಮಾಳವಿಕಾ ಧಾರವಾಡದ ಡಾಕ್ಟರೊಬ್ಬರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಲಂಡನ್. ಅವಳ ಕನ್ನಡ ಅಪ್ಪ ಅಮ್ಮನ ಬಾಯಿಂದ ಬಂದದ್ದು, ಅರ್ಧ ದಾರಿಗೆ ಇಂಗ್ಲಿಷಿಗೆ ಹೊರಳುತ್ತಿತ್ತು. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಬಾಗಲಾ ಹಾಕ್ರಿ ಆಂಟಿ. ಇದು ಮತ್ತ ಯಾರಿಗೆ ಗೊತ್ತು?"

"ನಿಮಗೆ, ನನಗೆ, ಮುದ್ರಕರಿಗೆ."

"ಗುಡ್. ನೋಡ್ರಿ, ಥರ್ಡ್ ಪ್ರಿಂಟ್‌ಗೆ ನಾ ಸರಿ ಪೇಪರ್ ಆಗಲೇ ಬುಕ್ ಮಾಡೀನಿ. ಸರ್ಟಿಫಿಕೇಟ್ ಅದ, ಎಲ್ಲಾ ಅದ. ಆ ಲೈನ್ ಮುಂದ ಖರೇನ ಆಗ್ತದ. ಸೆಕೆಂಡ್ ಪ್ರಿಂಟ್ ಈಸ್ ಡನ್. ಜನ ಓದಿದ್ರು, ಮುಗೀತು."

"ಗೋದಾಮಿನಲ್ಲಿ ಇನ್ನೂ ಮೂರು ಸಾವಿರ ಪ್ರತಿ ಉಂಟು."

"ಹೋಗ್ತಾವ."

"ರಜನಿಯವರಿಗೆ ಏನಂತ ಬರೆಯುವುದು?"

ಮಾಳವಿಕಾ ಕಂಪ್ಯೂಟರಿನತ್ತ ತಿರುಗಿ ಟಪಟಪ ಕುಟ್ಟಿ ಒಂದು ಹಾಳೆ ಅಚ್ಚು ಮಾಡಿ ಕೊಟ್ಟಳು. ನಮ್ಮ ಕಾಗದವನ್ನು ತುಂಬಾ ಎಚ್ಚರದಿಂದ ಆರಿಸುತ್ತೇವೆ, ಮಕ್ಕಳ ಕುತೂಹಲಕ್ಕೆ ಧನ್ಯವಾದ. ಇದು ಸುಳ್ಳೆಂದು ಬೆರಳಿಡುವಂಥ ಒಂದು ಶಬ್ದವೂ ಇರಲಿಲ್ಲ, ಕೇಳಿದ್ದಕ್ಕೆ ಉತ್ತರವೂ ಇರಲಿಲ್ಲ. ಕೆಳಗೆ ಗುಣವತಿಯ ಹೆಸರು, ಸಹಿಗೆ ಜಾಗ.

"ಶೀ ಈಸ್ ಆನ್ ದಟ್ ಕಮಿಟಿ, ಆಂಟಿ. ಕೌನ್ಸಿಲ್‌ನೋರು ಎಲ್ಲಾ ಸ್ಕೂಲ್‌ಗೂ ಈ ಪುಸ್ತಕ ತಗೋಬೇಕಂತ ಮಾಡ್ಯಾರ. ಪರಿಸರದ ಪುಸ್ತಕ ಅಂತ. ಮೀಟಿಂಗ್ ಮಾರ್ಚ್‌ನ್ಯಾಗ. ಈಗ ಈ ಸುದ್ದಿ ಹೊರಗ ಬಂದ್ರ ಡೈರೆಕ್ಟರ್ಸ್ ಕೇಳೂದು ಒಂದೇ: ಹೂ ಸೈನ್ಡ್ ಇಟ್? ಯಾರ ಸಹಿ ಅದ ಆ ಪುಟದ ಮ್ಯಾಲೆ?"

"ನನ್ನದು."

"ಚೀಟಿ ನಂದು. ಇಬ್ಬರೂ ಹೋಗ್ತೀವಿ." ಮಾಳವಿಕಾಳ ದನಿ ಮೆತ್ತಗಾಯಿತು. "ಸಹಿ ಮಾಡ್ರಿ. ಇಲ್ಲಾಂದ್ರ ಮಾರ್ಚ್ ತನಕ ಏನೂ ಕಳಸಬ್ಯಾಡ್ರಿ. ಅಷ್ಟರ ಮಾಡ್ರಿ ನನ್ನ ಸಲುವಾಗಿ."

ಗುಣವತಿ ಸಹಿ ಮಾಡಲಿಲ್ಲ. ಬೇರೆ ಪತ್ರ ಬರೆಯಲೂ ಇಲ್ಲ. ಹಾಳೆಯನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ. ಆದರೆ ಈ ಸಲದ ಕಾಯುವಿಕೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ, ಕೂತರೆ ಇಲ್ಲ, ನಡೆದರೆ ಚುಚ್ಚುತ್ತಿತ್ತು. ಸಮಿತಿಯ ಸಭೆ ಮಾರ್ಚ್ ಮೊದಲ ವಾರದಿಂದ ಮೂರನೇ ವಾರಕ್ಕೆ ಹೋಯಿತು, ಅಲ್ಲಿಂದ ಏಪ್ರಿಲ್ ಐದನೇ ತಾರೀಕಿನ ಬುಧವಾರಕ್ಕೆ. ಸಭೆ ಮುಂದೆ ಹೋದಾಗಲೆಲ್ಲ ಮಾಳವಿಕಾ ಅವಳ ಮೇಜಿನ ಬಳಿ ಬಂದು "ಇನ್ನೊಂದೀಟು ದಿನ, ಆಂಟಿ" ಎನ್ನುವಳು. ಕೆಳಗೆ ಗೋದಾಮಿನಿಂದ ಎರಡನೇ ಮುದ್ರಣದ ಕಟ್ಟುಗಳು ದಿನಾ ಲಾರಿ ಹತ್ತುತ್ತಿದ್ದವು. ಕಿಟಕಿಯಿಂದ ಎಣಿಸಬಾರದೆಂದುಕೊಂಡರೂ ಗುಣವತಿಯ ಕಣ್ಣು ಎಣಿಸುತ್ತಿತ್ತು.

ಯುಗಾದಿ ಗುರುವಾರ ಬಿದ್ದಿದ್ದರಿಂದ ಸಂಘದವರು ಶನಿವಾರ ಪಿನ್ನರ್‌ನ ಒಂದು ಹಾಲ್ ಹಿಡಿದು ಹಬ್ಬ ಇಟ್ಟುಕೊಂಡಿದ್ದರು. ಅದು ಏಪ್ರಿಲ್ ಒಂದು. ಗುಣವತಿಗೆ ಹೋಗುವ ಮನಸ್ಸಿರಲಿಲ್ಲ. ಒಬ್ಬಟ್ಟಿಗೆ ಹೂರಣ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದಳು, ತಪ್ಪಿಸುವ ಹಾಗಿರಲಿಲ್ಲ. ಹಿಂದಿನ ಬಾಗಿಲಿನಿಂದ ಅಡುಗೆ ಜಾಗಕ್ಕೆ ಹೋಗಿ ಅಲ್ಲಿಂದಲೇ ಮರಳಿದರಾಯಿತೆಂದು ಲೆಕ್ಕ ಹಾಕಿದ್ದಳು. ಆದರೆ ರಜನಿಯ ಗಂಡ ಡಾಕ್ಟರ್ ಗೋಪೀನಾಥ ಅಡುಗೆ ಜಾಗಕ್ಕೇ ಬಂದುಬಿಟ್ಟರು. ಕೈಯಲ್ಲಿ ಸಂಘದ ಸ್ಮರಣ ಸಂಚಿಕೆಯ ಕರಡು ಪ್ರತಿ.

"ಗುಣವತಿಯವರೇ, ಇಲ್ಲಿ ನೋಡಿ. ನೀವು ಪುಸ್ತಕದ ಕೆಲಸದೋರು, ಏನಾದ್ರೂ ತಪ್ಪಿದ್ರೆ ಹೇಳ್ಬಿಡಿ. ಸೋಮವಾರ ಪ್ರೆಸ್ಸಿಗೆ ಹೋಗ್ಬೇಕು."

ಗುಣವತಿ ಕೈ ಒರೆಸಿಕೊಂಡು ಪುಟ ತಿರುಗಿಸಿದಳು. ಮೊದಲಲ್ಲಿ ಶ್ರೀಕಾರ, ಆಮೇಲೆ ಗಣಪತಿ, ಆಮೇಲೆ ಅಧ್ಯಕ್ಷರ ಚಿತ್ರ. ನಾಲ್ಕನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅದೇ ಸಾಲು. ಶಬ್ದಕ್ಕೆ ಶಬ್ದ ಅದೇ.

"ಇದು ಎಲ್ಲಿಂದ ಬಂತು ಡಾಕ್ಟ್ರೇ?"

"ನಿಮ್ಮ ಹಕ್ಕಿ ಪುಸ್ತಕದಿಂದಲೇ! ರಜನಿ ಮನೇಲಿ ಇಟ್ಟಿದ್ಲು. ಚೆನ್ನಾಗಿದೆಯಲ್ಲ ಅಂತ ಹಾಗೇ ಇಳಿಸ್ಕೊಂಡೆ."

"ಸಂಚಿಕೆಗೆ ಯಾವ ಕಾಗದ ಹಾಕ್ತಾರೆ?"

ಗೋಪೀನಾಥ ತಬ್ಬಿಬ್ಬಾದರು. "ಯಾವುದು ಅಂದ್ರೆ... ಬಿಳೀದು. ಅದನ್ನ ಪ್ರೆಸ್ಸಿನವನ್ನ ಕೇಳ್ಬೇಕು."

ಒಬ್ಬಟ್ಟು ತಟ್ಟುತ್ತಿದ್ದ ವಿಶಾಲಾಕ್ಷಿ ಅನ್ನುವ ಹಿರಿಯಾಕೆ ನಕ್ಕರು. "ಆಪರೇಷನ್ ಮಾಡೋಕ್ ಮುಂಚೆನೂ ಹೀಗೇನಾ ಡಾಕ್ಟ್ರೇ? ಯಾವ ಕಾಲು ಅಂತ ಆಮೇಲ್ ಕೇಳೋದಾ?"

ಎಲ್ಲರೂ ನಕ್ಕರು. ಗೋಪೀನಾಥರೂ ನಕ್ಕರು. "ಅಯ್ಯೋ, ಮೇಲ್ಗಡೆ ಶ್ರೀ ಹಾಕ್ತೀವಲ್ಲ, ಕೆಳಗಡೆ ಇದೂ ಒಂದು ಇರ್ಲಿ ಅಂತ. ಈಗ ಎಲ್ಲಾ ಪುಸ್ತಕದಲ್ಲೂ ಇರುತ್ತೆ."

"ತೆಗೀರಿ ಅದನ್ನ," ಎಂದಳು ಗುಣವತಿ.

ದನಿ ಅವಳಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂದಿತ್ತು. ನಗು ನಿಂತಿತು.

"ಯಾಕ್ರೀ?"

"ಆ ಕಾಗದ ಎಲ್ಲಿಯದು ಅಂತ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಬರೀಬಾರದು."

"ಸರಿ ಮಾರಾಯ್ರೆ, ತೆಗೀತೀನಿ," ಎಂದು ಗೋಪೀನಾಥ ಅವಳ ಕರಾವಳಿ ಊರಿನ ಕಡೆಯ ಮಾತನ್ನೇ ಅವಳಿಗೆ ಹಿಂದಿರುಗಿಸಿದರು, ತಮಾಷೆಗೆ. "ಪಾಪ, ನಿಮ್ಮವರು ಮಾತ್ರ ಕಾಡಿಗೇ ಹೋಗಿ ನೋಡ್ಕೊಂಡ್ ಬಂದು ಬರೆದಿರ್ತೀರಿ!"

ಗುಣವತಿ ಕರಡನ್ನು ಮುಚ್ಚಿ ಅವರ ಕೈಗೆ ಕೊಟ್ಟಳು. ಅಷ್ಟರಲ್ಲಿ ರಜನಿ ಒಳಗೆ ಬಂದವರು ಅವಳ ಭುಜ ಹಿಡಿದುಕೊಂಡರು. "ಅಂತೂ ಸಿಕ್ಕಿದ್ರಲ್ಲ! ನನ್ನ ಕಾಗದಕ್ಕೆ ಉತ್ತರ ಎಲ್ರೀ? ಮಕ್ಕಳು ಯಾವ ಪುಸ್ತಕದ ಕಾಗದ ಯಾವ ಕಾಡಿಂದು ಅಂತ ಕ್ಲಾಸಿನಲ್ಲಿ ಒಂದು ಭೂಪಟ ಹಾಕಿದ್ದಾರೆ. ಎಂಟು ಪುಸ್ತಕದವರು ಉತ್ತರ ಬರೆದ್ರು. ಸ್ವೀಡನ್ನು, ಸ್ಕಾಟ್ಲೆಂಡು ಅಂತ ಪಿನ್ನು ಚುಚ್ಚಿದ್ದಾರೆ. ನಿಮ್ಮ ಹಕ್ಕಿಯ ಪಿನ್ನೊಂದು ಮೂಲೇಲೇ ಕೂತಿದೆ. ಬುಧವಾರ ಸಮಿತೀಲಿ ನಾನೇ ನಿಮ್ಮ ಪುಸ್ತಕದ ಪರ ಮಾತಾಡ್ಬೇಕು. ಆ ಸಾಲನ್ನೇ ಮೊದಲು ಓದೋಣ ಅಂತಿದ್ದೀನಿ."

"ಸೋಮವಾರ ಬರೀತೇನೆ," ಎಂದಳು ಗುಣವತಿ. ಹೂರಣದ ಪಾತ್ರೆಯನ್ನು ಅಲ್ಲೇ ಬಿಟ್ಟು ಹೊರಟಳು.

ಭಾನುವಾರ ದೇವದಾಸನ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಅವನು ಗಂಜಿಗೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಾ ಕೇಳಿದ.

"ಬರಿ. ಯಾರ್ ಬೇಡ ಅಂದದ್? ಗುರುವಾರ ಕಳ್ಸ್. ಮೂರ್ ತಿಂಗ್ಳ್ ಕೂತ ಕಾಗ್ದ, ಇನ್ ಮೂರ್ ದಿನ ಕೂತ್ರೆ ಕೊಳೀತಿಲ್ಲೆ."

"ಬುಧವಾರ ರಜನಿಯವ್ರ್ ಎದ್ದ್ ನಿಂತ್ ಸುಳ್ಳ್ ಓದ್ತ್ರ್. ಅವ್ರಿಗೆ ಅದ್ ಸುಳ್ಳ್ ಅಂದೇಳಿ ಗೊತ್ತಿಲ್ಲೆ. ನಂಗೆ ಗೊತ್ತಿತ್ತ್."

"ನಿನ್ ಕೆಲ್ಸ ಹೋತ್ ಕಾಣ್."

"ಹೋಯ್, ನೀವ್ ಒಂದ್ ಸಲ ಕೋಳಿ ತಟ್ಟಿಗೆ ಸಸ್ಯಾಹಾರ ಅಂದೇಳಿ ಚೀಟಿ ಅಂಟ್ಸಿ ಬಿಟ್ಟಿದ್ರಿ, ನೆನ್ಪಿತ್ತಾ?"

ದೇವದಾಸ ತುತ್ತು ಕೆಳಗಿಟ್ಟ. ಹೇಗೆ ಮರೆತಾನು? ಗಾಡಿ ವಿಮಾನದ ಬುಡ ಮುಟ್ಟಿದ ಮೇಲೆ ಅವನಿಗೆ ತಿಳಿದಿತ್ತು. ಏಪ್ರನ್ನಿನಲ್ಲೇ ಓಡಿ ಮೇಲ್ವಿಚಾರಕನ ಹತ್ತಿರ ಹೇಳಿ, ನಲವತ್ತು ತಟ್ಟೆ ವಾಪಸು ಇಳಿಸಿದ್ದ. ವಿಮಾನ ತಡವಾಗಿತ್ತು. ಎಲ್ಲರೆದುರು ಬೈಸಿಕೊಂಡಿದ್ದ.

"ಅದ್ ತಿಂಬುದ್ ಮಾರಾಯ್ತಿ," ಎಂದ. "ಒಬ್ರ್ ಬಾಯಿಗೆ ಹೋಪ್ದ್."

"ಚೀಟಿ ಓದಿ ನಂಬುದ್ ಎರಡೂ ಕಡಿಗೂ ಒಂದೇ."

ಅವನು ಗಂಜಿ ಮುಗಿಸಿ ಎದ್ದ. ಕೈ ತೊಳೆದು ಬಂದವನು "ನಿಂಗೆ ಸಮ ಕಂಡ್ ಹಾಂಗೆ ಮಾಡ್" ಎಂದಷ್ಟೇ ಹೇಳಿದ. ಅವನ ಮುಖದಲ್ಲಿ ಹೆದರಿಕೆ ಇತ್ತು. ಅವಳಿಗದು ಕಂಡಿತು.

ಸೋಮವಾರ ಊಟದ ವಿರಾಮದಲ್ಲಿ ಗುಣವತಿ ಪತ್ರ ಬರೆದಳು. ಇಂಗ್ಲಿಷು ಅವಳು ನಡುವಯಸ್ಸಿನಲ್ಲಿ ಕಲಿತದ್ದು, ಒಂದೊಂದು ಪದವನ್ನೂ ನೋಡಿ ನೋಡಿ ಇಡಬೇಕು. ಕೊನೆಗೆ ಪತ್ರದಲ್ಲಿದ್ದದ್ದು ಇಷ್ಟು:

'ಎರಡನೇ ಮುದ್ರಣದ ಕಾಗದ ಯಾವ ಕಾಡಿನದೆಂದು ನಮಗೆ ಗೊತ್ತಿಲ್ಲ. ನಾಲ್ಕನೇ ಪುಟದ ಸಾಲು ಮೊದಲ ಮುದ್ರಣಕ್ಕೆ ನಿಜ, ನಿಮ್ಮ ಶಾಲೆಯಲ್ಲಿರುವ ಪ್ರತಿಗಳಿಗೆ ನಿಜವಲ್ಲ. ಪುಟ ಪರೀಕ್ಷಿಸಿ ಸಹಿ ಹಾಕಿದವಳು ನಾನು. ಮೂರನೆಯದಕ್ಕೆ ಸರಿಯಾದ ಕಾಗದ ಗೊತ್ತುಮಾಡಿದ್ದಾರೆ. ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಬೇಕೆಂದು ಕೇಳುತ್ತಿದ್ದೇನೆ, ಒಪ್ಪುತ್ತಾರೋ ಇಲ್ಲವೋ ತಿಳಿಯದು. ತಡವಾಗಿ ಬರೆದದ್ದಕ್ಕೆ ಕ್ಷಮಿಸಿ. ಮಕ್ಕಳು ನಮ್ಮ ಪಿನ್ನನ್ನು ಭೂಪಟದಲ್ಲಿ ಎಲ್ಲಿಯೂ ಚುಚ್ಚಬಾರದು.'

ಹೇಳದೆ ಕಳಿಸುವುದು ಅವಳಿಂದಾಗದ ಕೆಲಸ. ಒಂದು ಪ್ರತಿ ತೆಗೆದು ಮಾಳವಿಕಾಳ ಮೇಜಿನ ಮೇಲಿಟ್ಟಳು. ಆಗ ನಾಲ್ಕೂವರೆ.

ಮಾಳವಿಕಾ ಒಂದು ಸಲ ಓದಿದಳು. ಮತ್ತೊಂದು ಸಲ ಓದಿದಳು. ಕುತ್ತಿಗೆ ಕೆಂಪಾಯಿತು.

"ಬುಧವಾರ ಸಂಜೀಕ ಮೀಟಿಂಗ್. ಟೂ ಡೇಸ್! ಎರಡು ದಿನಾ ತಡೀಲಿಕ್ಕೆ ಆಗೂದಿಲ್ಲೇನ್ರಿ ನಿಮಗ?"

"ಎರಡು ತಿಂಗಳು ತಡೆದೆ ಮಾಳವಿಕಾ. ತಡೆದದ್ದೇ ತಪ್ಪಾಯಿತು."

"ನಿಮ್ಮನ್ನ ವೇರ್‌ಹೌಸ್‌ನಿಂದ ಮ್ಯಾಲೆ ತಂದಾಕಿ ನಾ. ಎಲ್ಲಾರೂ ಬ್ಯಾಡ ಅಂದ್ರು. ಇಂಗ್ಲಿಷ್ ಬರೂದಿಲ್ಲ ಅಂದ್ರು. ಶಿ ಹ್ಯಾಸ್ ಐಸ್, ಅಂದೆ ನಾ. ಇದಕ್ಕೇನು?"

ಗುಣವತಿ ಒಂದು ಹೆಜ್ಜೆ ಹತ್ತಿರ ಬಂದಳು. ಅದು ನಿಜವೇ ಆಗಿತ್ತು. ಈ ಹುಡುಗಿ ಇಲ್ಲದಿದ್ದರೆ ಅವಳು ಇನ್ನೂ ಕೆಳಗೆ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದಳು. "ಅದನ್ನ ನಾನು ಮರೆಯುವುದಿಲ್ಲ. ಹಾಗಂತಲೇ ನಿಮಗೆ ಮೊದಲು ತೋರಿಸಿದ್ದು. ನಿಮ್ಮ ಹೆಸರು ಪತ್ರದಲ್ಲಿ ಇಲ್ಲ."

"ಅದು ನನಗ ಕಾಣ್ತದ." ಮಾಳವಿಕಾ ಹಾಳೆಯನ್ನು ಡ್ರಾಯರಿಗೆ ಹಾಕಿ ದಪ್ಪನೆ ಮುಚ್ಚಿದಳು. "ಆಫೀಸಿನ ಟಪಾಲಿನ್ಯಾಗ ಇದು ಹೋಗೂದಿಲ್ಲ. ಹೊರಗ ನೀವು ಏನು ಮಾಡ್ತೀರಿ, ಅದು ನಿಮ್ಮ ಕಡೆ. ನಾಳೆ ಈ ಮೇಜು ಇರ್ತದೋ ಇಲ್ಲೋ, ನಾ ಹೇಳಲಾರೆ. ನನ್ನದೂ ಇರ್ತದೋ ಇಲ್ಲೋ."

ಗುಣವತಿ ತಲೆಯಾಡಿಸಿದಳು. ಮಾಳವಿಕಾ ಕಿಟಕಿಯ ಕಡೆ ತಿರುಗಿ ಕೂತಳು. ಗುಣವತಿ ಬಾಗಿಲು ಹಾಕಿಕೊಂಡು ಹೊರಬಂದಳು.

ಐದೂಕಾಲು. ಕಾಗದದ ಮೇಲಿನ ಸುಳ್ಳನ್ನು ಫೋನಿನಲ್ಲಲ್ಲ, ಸಹಿ ಹಾಕಿದ ಕಾಗದದಲ್ಲೇ ತಿದ್ದಬೇಕೆಂದು ಅವಳ ಹಟ. ಈಗ ಪೆಟ್ಟಿಗೆಗೆ ಬಿದ್ದರೆ ಮಂಗಳವಾರ ಬೆಳಿಗ್ಗೆ ಪಿನ್ನರ್. ಕೊನೆಯ ಟಪಾಲು ಐದೂವರೆಗೆ ಎತ್ತುತ್ತಾರೆ, ತಪ್ಪಿದರೆ ಬುಧವಾರ, ರಜನಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿಬಿಟ್ಟರೆ ಸಭೆಗೆ ಮೊದಲು ಪತ್ರ ಕಾಣುವುದೇ ಇಲ್ಲ. ಮೂಲೆಯ ಅಂಗಡಿಯಲ್ಲಿ ಫಸ್ಟ್ ಕ್ಲಾಸ್ ಸ್ಟ್ಯಾಂಪಿಗೆ ನಿಂತರೆ ಮುಂದೆ ನಾಲ್ಕು ಜನ, ಲಾಟರಿ ಚೀಟಿಯವರು. ಅವಳು ಯಾವತ್ತೂ ಸಾಲು ಮುರಿದವಳಲ್ಲ. ಇವತ್ತೂ ಮುರಿಯಲಿಲ್ಲ. ಗಡಿಯಾರ ನೋಡುತ್ತಾ, ಲಕೋಟೆ ಬೆವರಿಗೆ ಒದ್ದೆಯಾಗದಂತೆ ತುದಿಯಲ್ಲಿ ಹಿಡಿದು ನಿಂತಳು. ಸ್ಟ್ಯಾಂಪು ಕೈಗೆ ಬಂದಾಗ ಐದು ಇಪ್ಪತ್ತೆಂಟು.

ರಸ್ತೆಯಾಚೆ ಕೆಂಪು ಪೆಟ್ಟಿಗೆಯ ಬಳಿ ಟಪಾಲು ವ್ಯಾನ್ ಆಗಲೇ ಬಂದು ನಿಂತಿತ್ತು. ಪೆಟ್ಟಿಗೆಯ ಬಾಗಿಲು ತೆರೆದು, ಒಬ್ಬಾತ ಮಂಡಿಯೂರಿ ಪತ್ರಗಳನ್ನು ಚೀಲಕ್ಕೆ ಬಾಚುತ್ತಿದ್ದ. ಐವತ್ತೆಂಟರ ಗುಣವತಿ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಬಸ್ಸೊಂದು ಹಾರನ್ ಹೊಡೆದರೂ ನಿಲ್ಲದೆ, ರಸ್ತೆ ದಾಟಿದಳು.

ಆತ ಚೀಲದ ಬಾಯಿ ಬಿಗಿಯುತ್ತಿದ್ದ. ಅವಳನ್ನು ನೋಡಿ ನಿಲ್ಲಿಸಿದ.

"ಇದೊಂದು," ಎಂದಳು, ಏದುಸಿರಿನಲ್ಲಿ ಕನ್ನಡದಲ್ಲೇ.

ಅವನಿಗೆ ಅರ್ಥವಾಯಿತು. ಚೀಲದ ಬಾಯನ್ನು ಸ್ವಲ್ಪ ಸಡಿಲಿಸಿ ಅವಳತ್ತ ಹಿಡಿದ. ಗುಣವತಿ ಲಕೋಟೆಯ ಮೇಲಿನ ವಿಳಾಸವನ್ನು ಇನ್ನೊಮ್ಮೆ ಓದಿದಳು, ಪಿನ್ನರ್ ಎಂಬುದರ ಕೊನೆಯ ಅಕ್ಷರದವರೆಗೆ. ಆಮೇಲೆ ಚೀಲದೊಳಗೆ ಕೈ ಇಳಿಸಿ, ಪತ್ರವನ್ನು ಬಿಟ್ಟಳು.